ಕೊಪ್ಪದ ಬಿಸ್ಟ್ರೋ, ಅಕ್ಕನ ಬೆಣ್ಣೆ

ಮೊನ್ನೆ ಮಡಿಕೇರಿ ರಸ್ತೆಯ ಕೊಪ್ಪದಲ್ಲಿ ಬಸ್ಸಿಳಿದು ರಸ್ತೆ ದಾಟುವಷ್ಟರಲ್ಲಿ ಬೆಣ್ಣೆಯಲ್ಲಿ ಈರುಳ್ಳಿ ಹುರಿಯುವ ವಾಸನೆ ಬಂತು. ಎಣ್ಣೆಯಲ್ಲಿ ಹುರಿದದ್ದು ಯಾವುದು, ಬೆಣ್ಣೆಯಲ್ಲಿ ಹುರಿದದ್ದು ಯಾವುದು ಅಂತ ಈಗ ನಾನು ಕಣ್ಣು ಮುಚ್ಚಿಕೊಂಡೇ ಹೇಳಬಲ್ಲೆ. ಮೊಮೊ ಮಾರುವ ಗಾಡಿಯ ಹೆಂಗಸು ಚಿಕ್ಕ ಬಾಣಲೆಯಲ್ಲಿ ಏನನ್ನೋ ಕೈಯಾಡಿಸುತ್ತಿದ್ದಳು. ನಾನು ಬಂದದ್ದು ಬ್ರೆಡ್ಡು ತೆಗೆದುಕೊಳ್ಳಲು. ಬೇಕರಿ ಇರುವುದು ಬಲಕ್ಕೆ. ಕಾಲುಗಳು ಮಾತ್ರ ಎಡಕ್ಕೆ ತಿರುಗಿ, ಆ ಹಳದಿ ಗೋಡೆಯ ಮಳಿಗೆಯ ಮುಂದೆ ಹೋಗಿ ನಿಂತವು. ಈಗ ಅಲ್ಲಿ ಕಂಬಳಿ, ಸ್ವೆಟರ್ ಮಾರುತ್ತಾರೆ. ಒಳಗಿದ್ದ ಹುಡುಗಿ ಏನು ಬೇಕು ಎಂದಳು. ಏನೂ ಇಲ್ಲ, ಸುಮ್ಮನೆ ನೋಡುತ್ತಿದ್ದೆ ಎಂದೆ. ಕಿಟಕಿಯ ಪಕ್ಕದ ಮೂಲೆಯಲ್ಲಿ, ನಮ್ಮ ಮೇಜು ಇದ್ದ ಕಡೆ, ಮಕ್ಕಳ ಟೋಪಿಗಳನ್ನು ರಾಶಿ ಹಾಕಿದ್ದರು. ನನಗೆ ಯಾಕೋ ಆ ಟೋಪಿಗಳ ಮೇಲೆ ಸಿಟ್ಟು ಬಂತು.

ಎಷ್ಟೋ ವರ್ಷಗಳ ಹಿಂದಿನ ಒಂದು ಮಳೆಗಾಲದಲ್ಲಿ ಅದು ಫ್ರೆಂಚ್ ಬಿಸ್ಟ್ರೋ ಆಗಿತ್ತು. ನಮ್ಮ ಕಡೆಯವರು ಅದನ್ನು ಪಾಂಡಿಚೇರಿ ಹೋಟ್ಲು ಅನ್ನುತ್ತಿದ್ದರು, ಯಾಕೆಂದರೆ ನಡೆಸುತ್ತಿದ್ದ ಶಿವರಾಜು ಪಾಂಡಿಚೇರಿಯಲ್ಲಿ ಫ್ರೆಂಚರ ಅಡುಗೆಮನೆಯಲ್ಲಿ ಬಹಳ ವರ್ಷ ಕೆಲಸ ಮಾಡಿ ಊರಿಗೆ ಬಂದವನು. ಬಿಸ್ಟ್ರೋ ಅಂದರೇನು ಅಂತ ಕೇಳಿದರೆ, "ಬೀದಿ ಮೂಲೆ ಹೋಟ್ಲು ಕಣಕ್ಕ, ಅಷ್ಟೇಯ. ಅವರೂ ನಮ್ಮಂಗೆ ಉಣ್ಣೋ ಜನವೆಯ" ಅನ್ನುತ್ತಿದ್ದ. ಮಡಿಕೇರಿಗೆ ಹೋಗುವ ಕಾರಿನವರು, ಲಾಮಾಗಳ ಗುಡಿ ನೋಡಲು ಬರುವ ಪರದೇಶದವರು, ಒಬ್ಬಿಬ್ಬರು ಲಾಮಾಗಳು, ಇಷ್ಟೇ ಅವನ ಗಿರಾಕಿಗಳು. ರಾವಂದೂರು ಕಡೆಯ ಹೊಗೆಸೊಪ್ಪಿನ ರೈತರ ಮನೆಯ ಇಬ್ಬರು ಸೊಸೆಯರು ಅಲ್ಲಿ ಕುರ್ಚಿಯ ಮೇಲೆ ಎದುರುಬದುರು ಕೂತು ಚಮಚೆಯಲ್ಲಿ ಸೂಪು ಕುಡಿಯುತ್ತಿದ್ದರು ಅಂದರೆ ನಂಬುವುದು ಕಷ್ಟ. ಆ ಇಬ್ಬರಲ್ಲಿ ಒಬ್ಬಳು ನಾನು. ಇನ್ನೊಬ್ಬಳು ನನ್ನ ವಾರಗಿತ್ತಿ, ನಮ್ಮ ಭಾವನ ಹೆಂಡತಿ, ಜಯಕ್ಕ.

ನಾನು ಮದುವೆಯಾಗಿ ಆ ಮನೆಗೆ ಬಂದಾಗ ನನಗೆ ಮುದ್ದೆ ಕಟ್ಟಲು ಬರುತ್ತಿರಲಿಲ್ಲ. ಗಂಟಾಗುತ್ತಿತ್ತು. ಅತ್ತೆಯ ಕಣ್ಣಿಗೆ ಬೀಳದಂತೆ ಅಕ್ಕ ನನ್ನ ಗಂಟು ಮುದ್ದೆಯನ್ನು ತನ್ನ ತಟ್ಟೆಗೆ ಹಾಕಿಕೊಂಡು, ತಾನು ಕಟ್ಟಿದ್ದನ್ನು ನನಗೆ ಹಾಕುತ್ತಿದ್ದಳು. ಅಲ್ಲಿಂದ ಶುರುವಾದದ್ದು ನಮ್ಮ ಸ್ನೇಹ. ಗಂಡಸರು, ಮಕ್ಕಳು, ಆಳುಗಳು ಎಲ್ಲರೂ ಉಂಡೆದ್ದ ಮೇಲೆ ನಾವಿಬ್ಬರೂ ಒಲೆಯ ಮುಂದೆ ನೆಲದ ಮೇಲೆ ಕೂತು ಉಣ್ಣುತ್ತಿದ್ದೆವು. ಸಾರಿನ ತಳದಲ್ಲಿ ಉಳಿದ ಒಂದು ತುಂಡು ಯಾವಾಗಲೂ ನನ್ನ ತಟ್ಟೆಗೇ ಬೀಳುತ್ತಿತ್ತು. ಕೆಲಸವನ್ನೂ ಹಂಚಿಕೊಂಡಿದ್ದೆವು. ಈರುಳ್ಳಿ ಹೆಚ್ಚುವುದು ನನ್ನ ಪಾಲು. ಅಕ್ಕನಿಗೆ ಈರುಳ್ಳಿಯ ಘಾಟು ತಡೆಯದು, ಒಂದು ಗೆಡ್ಡೆ ಹೆಚ್ಚಿದರೆ ಸಂಜೆಯವರೆಗೂ ಕಣ್ಣು ಕೆಂಪು. ಮಜ್ಜಿಗೆ ಕಡೆಯುವುದು ಅವಳ ಪಾಲು. ಬೆಣ್ಣೆ ತೆಗೆದು, ತೊಳೆದು, ಉಂಡೆ ಮಾಡಿ, ಮೇಲೆ ಹಿತ್ತಲಿನ ಗಿಡದ ನಿಂಬೆ ಎಲೆ ಮುಚ್ಚಿಡುವುದನ್ನು ಅವಳಿಗೆ ಕಲಿಸಿದ್ದು ನಮ್ಮತ್ತೆ. ಅತ್ತೆ ತೀರಿಕೊಂಡ ಮೇಲೂ ಅಕ್ಕ ಆ ಎಲೆ ಬಿಟ್ಟವಳಲ್ಲ.

ನಮ್ಮ ಗಂಡಂದಿರ ನಡುವೆ ಜಗಳ ಆದದ್ದು ಬ್ಯಾರನ್ನಿಗಾಗಿ, ಅಂದರೆ ಹೊಗೆಸೊಪ್ಪನ್ನು ಬೆಂಕಿಯ ಕಾವಿನಲ್ಲಿ ಬೇಯಿಸುವ ಮನೆಗಾಗಿ. ಅಣ್ಣ ತಮ್ಮ ಇಬ್ಬರಿಗೂ ಸೇರಿ ಒಂದೇ ಬ್ಯಾರನ್. ಹೊಗೆಸೊಪ್ಪು ಹಣ್ಣಾದ ಮೇಲೆ ಕಾಯುವುದಿಲ್ಲ, ಮುರಿದ ಮೇಲಂತೂ ಒಂದು ದಿನವೂ ಕಾಯುವುದಿಲ್ಲ. ಆ ವರ್ಷ ಇಬ್ಬರದೂ ಒಟ್ಟಿಗೇ ಹಣ್ಣಾಯಿತು. ಭಾವ ಯಾರನ್ನೂ ಕೇಳದೆ ತಮ್ಮ ಪಾಲಿನ ಸೊಪ್ಪನ್ನು ತುಂಬಿ ಬೆಂಕಿ ಹಾಕಿಬಿಟ್ಟರು. ನಮ್ಮದು ಮುರಿದು, ಕಡ್ಡಿಗೆ ಕಟ್ಟಿ ಸಿದ್ಧವಾಗಿದ್ದದ್ದು ಹೊರಗೇ ಉಳಿದು, ಮಳೆಯ ತಂಡಿಗೆ ಕಪ್ಪಾಗಿ ಕೊಳೆಯಿತು. ನಮ್ಮನೆಯವರು ಬ್ಯಾರನ್ನಿನ ಬೆಂಕಿಯ ಮುಂದೆ ನಿಂತು, ಊರವರ ಎದುರಿಗೆ, ಕೂಗಾಡಿದರು. "ಇವತ್ತಿಂದ ಇವ್ನ ಮನೆ ಅನ್ನವಾಗ್ಲಿ ನೀರಾಗ್ಲಿ ನಾನೂ ನನ್ನ ಹೆಂಡ್ರೂ ಮುಟ್ಟಿದ್ರೆ, ನನ್ನ ಮಗಳ ತಲೆ ಮ್ಯಾಲೆ ಆಣೆ" ಅಂದರು. ನಮಗಿರುವುದು ಒಬ್ಬಳೇ ಮಗಳು, ಸಿಂಚನ. ಆಗ ಅವಳಿನ್ನೂ ಮಿಡ್ಲ್ ಸ್ಕೂಲು. ಸಿಟ್ಟಿನಲ್ಲಿ ಗಂಡಸರ ಬಾಯಿಗೆ ಮೊದಲು ಬರುವುದು ಮಕ್ಕಳ ತಲೆಯೇ. ತಮ್ಮ ತಲೆಯ ಮೇಲೆ ಆಣೆ ಇಟ್ಟುಕೊಂಡವರನ್ನು ನಾನು ಕಂಡಿಲ್ಲ.

ಆಣೆಯ ಹಿಂದೆಯೇ ಗೋಡೆ ಬಂತು. ತೊಟ್ಟಿ ಮನೆಯ ನಡುವೆ ಇಟ್ಟಿಗೆ ಎದ್ದು, ಒಂದು ಅಡುಗೆಮನೆ ಎರಡಾಯಿತು. ಹಿತ್ತಲು, ನಿಂಬೆ ಗಿಡ, ಎಮ್ಮೆ ಅವರ ಕಡೆಗೆ ಹೋದವು. ಗೋಡೆಯಾಚೆ ಅಕ್ಕ ಮಜ್ಜಿಗೆ ಕಡೆಯುವ ಸದ್ದು ನನಗೆ ಕೇಳುತ್ತಿತ್ತು. ಅವಳು ಒಗ್ಗರಣೆ ಹಾಕಿದ್ದು ಗೊತ್ತಾಗುತ್ತಿತ್ತು. ಆದರೆ ಆ ಒಗ್ಗರಣೆಯಲ್ಲಿ ಈರುಳ್ಳಿಯ ವಾಸನೆ ಬರುತ್ತಿರಲಿಲ್ಲ. ಹೆಚ್ಚುವವರಿಲ್ಲದೆ ಅವಳು ಈರುಳ್ಳಿಯನ್ನೇ ಬಿಟ್ಟಿದ್ದಾಳೆ ಅಂತ ತಿಳಿದ ದಿನ ನಾನು ಉಣ್ಣಲಿಲ್ಲ. ಮಾತಿಗೆ ಆಣೆ ಇರಲಿಲ್ಲ, ನಿಜ. ಆದರೆ ಎರಡು ಮನೆಗಳ ನಡುವೆ ಅನ್ನ ನೀರು ನಿಂತ ಮೇಲೆ ಮಾತೂ ಒಣಗುತ್ತದೆ. ನಮ್ಮ ಕಡೆ ಯಾರದಾದರೂ ಹೊಸ್ತಿಲು ತುಳಿದರೆ ಒಂದು ಲೋಟ ನೀರಾದರೂ ಕುಡಿದೇ ಬರಬೇಕು. ಕುಡಿಯುವಂತಿಲ್ಲ ಅಂದಮೇಲೆ ತುಳಿಯುವುದು ಹೇಗೆ.

ಸೊಪ್ಪು ಹೋದ ವರ್ಷ ನಾನು ಕೊಪ್ಪದ ಟೈಲರ್ ಅಂಗಡಿಗೆ ಸೇರಿದ್ದೆ. ಲಾಮಾಗಳ ಕೆಂಪು ಬಟ್ಟೆ ಹೊಲಿಯುವ ಅಂಗಡಿ ಅದು. ಮಾರನೇ ಮಳೆಗಾಲದಲ್ಲಿ ಶಿವರಾಜು ಬಿಸ್ಟ್ರೋ ತೆರೆದ. ಮೇಜಿನ ಹೊದಿಕೆ, ತೊಡೆಯ ಮೇಲೆ ಹಾಸಿಕೊಳ್ಳುವ ಕರವಸ್ತ್ರ ಎಲ್ಲವನ್ನೂ ನಮ್ಮಲ್ಲೇ ಹೊಲಿಸಿದ. ಒಂದು ಗುರುವಾರ ನಾನು ಅವನ್ನು ಕೊಡಲು ಹೋದರೆ, ಹಿಂಬಾಗಿಲ ಹತ್ತಿರ ಬೆಂಚಿನ ಮೇಲೆ ಅಕ್ಕ ಕೂತಿದ್ದಾಳೆ, ಮಡಿಲಲ್ಲಿ ಸ್ಟೀಲಿನ ಡಬ್ಬಿ. ಶಿವರಾಜು ಪ್ಯಾಕೆಟ್ ಬೆಣ್ಣೆ ಮುಟ್ಟುತ್ತಿರಲಿಲ್ಲವಂತೆ, ಊರೂರು ಕೇಳಿಕೊಂಡು ಹೋಗಿ ಕೊನೆಗೆ ಅಕ್ಕನ ಬೆಣ್ಣೆ ಹಿಡಿಸಿತಂತೆ. ವಾರಕ್ಕೊಮ್ಮೆ ಅವಳು ತಂದು ಕೊಡುತ್ತಿದ್ದಳು. ಒಂದೇ ಗೋಡೆಯ ಆಚೆ ಈಚೆ ಮಲಗುವ ನಮ್ಮಲ್ಲಿ ಒಬ್ಬರು ಇಲ್ಲಿಗೆ ಬರುವುದು ಇನ್ನೊಬ್ಬರಿಗೆ ಗೊತ್ತಿರಲಿಲ್ಲ.

"ಸೊರಗ್ಬುಟ್ಟಿದ್ದೀಯಲ್ಲ ಭಾಗ್ಯ" ಅಂದಳು ಅಕ್ಕ. ನಾನು ಬಟ್ಟೆಯ ಗಂಟನ್ನು ಅವಳ ಪಕ್ಕದಲ್ಲಿ ಇಳಿಸಿದೆ. ಹೊರಗೆ ಮಳೆ ಜೋರಾಯಿತು. ನಮ್ಮ ಕಥೆ ಏನೂ ತಿಳಿಯದ ಶಿವರಾಜು, "ಇಬ್ರೂ ಒಳೀಕ್ ಬಂದು ಕುಂತ್ಕಳಿ, ಒಂದೊಂದ್ ಸೂಪ್ ಕುಡ್ಕಂಡ್ ಓಗುವ್ರಂತೆ" ಅಂತ ಕಿಟಕಿಯ ಪಕ್ಕ ಕೂರಿಸಿದ.

ಮೊದಲು ಬಂದದ್ದು ಬುಟ್ಟಿಯಲ್ಲಿ ಗಟ್ಟಿ ಸಿಪ್ಪೆಯ ಬ್ರೆಡ್ಡು, ಚಿಕ್ಕ ಪಿಂಗಾಣಿ ಬಟ್ಟಲಲ್ಲಿ ಬೆಣ್ಣೆ. ನಾನು ಬ್ರೆಡ್ಡನ್ನಷ್ಟೇ ಮುರಿದೆ. ಅಕ್ಕ ನನ್ನ ಕೈಯನ್ನೇ ನೋಡಿದಳು, ಮತ್ತೆ ಬೆಣ್ಣೆಯ ಬಟ್ಟಲನ್ನು ತನ್ನ ಕಡೆಗೆ ಎಳೆದುಕೊಂಡಳು.

"ಬ್ಯಾಡ ಬುಡು, ಇದು ನಮ್ಮನೇದು. ಮಗೀನ್ ತಲೆ ಮ್ಯಾಲೆ ಆಣೆ ಅದೆ" ಅಂದಳು.

"ಓಟ್ಲು ಊಟಕ್ಕೆ ಆಣೆ ಇಲ್ವಲ್ಲಕ್ಕ" ಅಂದೆ.

"ಇಲ್ಲ. ಮಿಕ್ಕಿದ್ದು ನಿಮ್ಮ ಮನೇದೂ ಅಲ್ಲ, ನಮ್ಮ ಮನೇದೂ ಅಲ್ಲ. ಉಣ್ಣು."

ಹಾಗೆ ಶುರುವಾಯಿತು. ಗುರುವಾರ ಮಧ್ಯಾಹ್ನ ನನಗೆ ಊಟದ ಬಿಡುವು, ಅವಳಿಗೆ ಬೆಣ್ಣೆಯ ಕೆಲಸ. ಮೊದಮೊದಲು ನಮಗೆ ಸುಮ್ಮನೆ ಕೂರಲು ಬರುತ್ತಿರಲಿಲ್ಲ. ಶಿವರಾಜು ತಟ್ಟೆ ತಂದಿಡುವಾಗ ಇಬ್ಬರೂ ಎದ್ದು ನಿಲ್ಲುತ್ತಿದ್ದೆವು. ಉಂಡಾದ ಮೇಲೆ ಅಕ್ಕ ತಟ್ಟೆಗಳನ್ನು ಒಂದರ ಮೇಲೊಂದು ಜೋಡಿಸಿ ತೊಳೆಯಲು ಹೊರಡುತ್ತಿದ್ದಳು. "ಜಯಕ್ಕ, ನೀವು ಗಿರಾಕಿ ಕಣ್ರೀ, ಕುಂತ್ಕಳಿ" ಅಂತ ಅವನು ಬೈಯುತ್ತಿದ್ದ. ನಮ್ಮ ಜೀವಮಾನದಲ್ಲೇ ಮೊದಲ ಸಲ ನಮಗೊಬ್ಬರು ಬಡಿಸಿದ್ದು ಅಲ್ಲಿ. ಬಿಸಿ ಬಿಸಿಯಾದದ್ದನ್ನು ಉಂಡದ್ದೂ ಅಲ್ಲೇ. ಅಕ್ಕ ಒಂದು ದಿನ ಸೂಪಿನಲ್ಲಿ ನಾಲಿಗೆ ಸುಟ್ಟುಕೊಂಡು, "ಊಟ ಇಷ್ಟು ಬಿಸಿ ಇರ್ತದೆ ಅಂತ್ಲೇ ಮರ್ತೋಗಿತ್ತು ಕಣೆ" ಅಂತ ನಕ್ಕಳು.

ನಾವು ಅಡುಗೆ ಮಾಡುವವರು, ಹಾಗಾಗಿ ತಿಂದದ್ದಕ್ಕೆಲ್ಲ ಕೊಂಕು ತೆಗೆಯುವುದೂ ಇತ್ತು. ಬದನೆಕಾಯಿ, ಟೊಮೆಟೊ, ದಪ್ಪ ಮೆಣಸಿನಕಾಯಿ ಬಿಲ್ಲೆ ಬಿಲ್ಲೆ ಜೋಡಿಸಿ ಬೇಯಿಸಿದ್ದನ್ನು ತಂದರೆ, ಖಾರ ಮರೆತಿದ್ದಾನೆ ಅಂದೆವು. ಮೈದಾ ದೋಸೆಯೊಳಗೆ ಸಕ್ಕರೆ ಹಾಕಿ ಮಡಿಸಿಕೊಟ್ಟದ್ದಕ್ಕೆ, ಮಕ್ಕಳನ್ನು ಯಾಮಾರಿಸುವ ತಿಂಡಿ ಅಂದಳು ಅಕ್ಕ, ಅಂದು ಇನ್ನೊಂದು ತರಿಸಿಕೊಂಡಳು. ಆದರೆ ಈರುಳ್ಳಿ ಸೂಪಿಗೆ ಮಾತ್ರ ನಮ್ಮ ಬಾಯಿ ಕಟ್ಟಿತ್ತು. ಕಂದು ಬಣ್ಣ, ಮೇಲೆ ಸುಟ್ಟ ಬ್ರೆಡ್ಡು, ಅದರ ಮೇಲೆ ಕರಗಿದ ಚೀಸು. ಕೆಳಗೆ ಈರುಳ್ಳಿ ಕರಗಿ ಸಿಹಿಯಾಗಿರುತ್ತಿತ್ತು. ಮನೆಯಲ್ಲಿ ಈರುಳ್ಳಿ ಕಾಣದ ಅಕ್ಕ ಬಟ್ಟಲಿನ ತಳ ಕೆರೆದು ತಿನ್ನುತ್ತಿದ್ದಳು. ಅದನ್ನು ನೋಡಲಿಕ್ಕೇ ನಾನು ಗುರುವಾರ ಕಾಯುತ್ತಿದ್ದೆ. ಬೆಣ್ಣೆಯ ಬಟ್ಟಲು ಮಾತ್ರ ಯಾವಾಗಲೂ ಅವಳ ಕಡೆಗೇ ಇರುತ್ತಿತ್ತು.

ಒಂದು ದಿನ ಗಿರಾಕಿಗಳಿಲ್ಲದೆ ಶಿವರಾಜು ನಮ್ಮ ಮೇಜಿನ ಪಕ್ಕ ನಿಂತು ಹರಟುತ್ತಿದ್ದ. ಈ ಸೂಪಿಗೆ ಇಷ್ಟು ರುಚಿ ಎಲ್ಲಿಂದ ಬಂತು ಅಂತ ಕೇಳಿದೆ.

"ಎಲ್ಲಿಂದ ಅಂದ್ರೆ? ನಿಮ್ಮಕ್ಕನ ಬೆಣ್ಣೆಯಿಂದ. ಒಂದ್ ಡಬ್ಬಿ ಬೆಣ್ಣೇಲಿ ಅರ್ಧ ಈ ಸೂಪಿಗೇ ಓಯ್ತದೆ. ಸಣ್ಣ ಉರೀಲಿ ಈರುಳ್ಳಿ ಮಡಗ್ಬುಟ್ಟು ಬೆಣ್ಣೇಲಿ ಬಾಡಿಸ್ತಾನೇ ಇರ್ಬೇಕು" ಅಂದ.

ನನ್ನ ಚಮಚೆ ಬಟ್ಟಲಿಗೆ ಬಿತ್ತು. ಇದು ನಮ್ಮಂಥವರಿಗೆ ಮಾತ್ರ ಆಗುವ ತಪ್ಪು. ನಮ್ಮಲ್ಲಿ ಈರುಳ್ಳಿ ಹುರಿಯುವುದು ಎಣ್ಣೆಯಲ್ಲಿ. ಬೆಣ್ಣೆ ಇರುವುದು ರೊಟ್ಟಿಯ ಮೇಲಿಡಲು, ಇಲ್ಲವೇ ಕಾಯಿಸಿ ತುಪ್ಪ ಮಾಡಲು. ಒಗ್ಗರಣೆಗೆ ಬೆಣ್ಣೆ ಸುರಿಯುವ ಮನೆಯನ್ನು ನಾವು ಕಂಡೇ ಇರಲಿಲ್ಲ. ಡಬ್ಬಿ ತಂದುಕೊಡುತ್ತಿದ್ದ ಅಕ್ಕನಿಗೂ ಅದೆಲ್ಲ ಬ್ರೆಡ್ಡಿಗೆ ಅಂತಲೇ ಲೆಕ್ಕ. ಬಟ್ಟಲನ್ನು ಅತ್ತ ಸರಿಸಿ ಆಣೆ ಕಾಪಾಡಿದೆವು ಅಂದುಕೊಂಡು, ಮಳೆ ಹಿಡಿದಾಗಿನಿಂದ ನಾನು ವಾರವಾರವೂ ಆ ಮನೆಯ ಬೆಣ್ಣೆಯನ್ನೇ ಕುಡಿದಿದ್ದೆ. ಅಕ್ಕನ ಮುಖ ಬೆಳ್ಳಗಾಗಿತ್ತು. "ನಂಗೊತ್ತಿರ್ನಿಲ್ಲ ಕಣವ್ವ, ನಿನ್ನಾಣೆ" ಅಂದಳು. ಅಂದವಳೇ, ಇನ್ನೊಂದು ಆಣೆ ಯಾಕೆ ಅಂತಲೋ ಏನೋ, ಬಾಯಿ ಮೇಲೆ ಕೈ ಇಟ್ಟುಕೊಂಡಳು. ನಾನು ಎದ್ದು ಬಂದುಬಿಟ್ಟೆ.

ಆ ವಾರವೇ ಸಿಂಚನಳಿಗೆ ಜ್ವರ ಬಂತು. ಶಾಲೆಯ ಅರ್ಧ ಮಕ್ಕಳಿಗೆ ಜ್ವರ ಇತ್ತು, ಮಳೆಗಾಲದಲ್ಲಿ ಅದು ಇದ್ದದ್ದೇ. ಪಿರಿಯಾಪಟ್ಟಣದ ಡಾಕ್ಟರೂ ಅದನ್ನೇ ಹೇಳಿ ಮಾತ್ರೆ ಕೊಟ್ಟರು. ಡಾಕ್ಟರು ಹೇಳಿದ್ದು ತಲೆಗೆ ಹೋಗುತ್ತಿತ್ತು, ಎದೆಗೆ ಇಳಿಯುತ್ತಿರಲಿಲ್ಲ. ಸುಡುವ ಅವಳ ತಲೆಯ ಮೇಲೆ ಒದ್ದೆ ಬಟ್ಟೆ ಹಾಕುವಾಗಲೆಲ್ಲ ಇದೇ ತಲೆ, ಇದೇ ತಲೆ ಅನ್ನಿಸುತ್ತಿತ್ತು. ಮಗಳು ಜ್ವರದಲ್ಲಿ "ದೊಡ್ಡವ್ವ" ಅಂತ ಅಕ್ಕನನ್ನೇ ಕರೆಯುತ್ತಿದ್ದಳು. ಗೋಡೆಯಾಚೆ ಅದು ಕೇಳಿರಲೇಬೇಕು. ಮಜ್ಜಿಗೆ ಕಡೆಯುವ ಸದ್ದು ನಿಂತುಹೋಗಿತ್ತು.

ಮೂರನೆಯ ದಿನವೋ ನಾಲ್ಕನೆಯ ದಿನವೋ, ಬಾವಿಯ ಹತ್ತಿರ ಅಕ್ಕ ಸಿಕ್ಕಳು. ತಲೆಗೂದಲು ಒದ್ದೆ, ಹಣೆಯಲ್ಲಿ ಅಗಲವಾಗಿ ಕುಂಕುಮ.

"ಮಾರಮ್ಮನ ಗುಡಿಗೆ ಓಗಿದ್ದೆ. ಅಳದಿ ಬಟ್ಟೇಲಿ ತಪ್ಪುಕಾಣಿಕೆ ಕಟ್ಬುಟ್ಟು ಬಂದೆ" ಅಂದಳು. "ಅವಳು ಉಂಡಿದ್ದಲ್ಲ, ಉಣ್ಸಿದ್ದು ನಾನು, ತಪ್ಪು ನಂದು ಅಂದೆ. ಏನಾರ ಆಗೋದಿದ್ರೆ ನಂಗಾಗ್ಲಿ, ಮಗೀಗೆ ಬ್ಯಾಡ ಅಂದೆ. ನೀನು ಎದುರ್ಕೋಬ್ಯಾಡ."

ಅಷ್ಟರಲ್ಲಾಗಲೇ ಮಾತ್ರೆಗೆ ಜ್ವರ ಇಳಿಯುತ್ತಿತ್ತು, ಅದು ನನಗೆ ಗೊತ್ತು. ಆದರೂ ಮಗಳನ್ನು ನನಗೆ ವಾಪಸ್ಸು ಕೊಟ್ಟವಳು ಅಕ್ಕ ಅಂತಲೇ ನಾನು ಇವತ್ತಿಗೂ ನಂಬಿದ್ದೇನೆ. ನನ್ನ ಮಗುವಿನ ತಲೆಯ ಮೇಲಿದ್ದದ್ದನ್ನು ಅವಳು ತನ್ನ ತಲೆಗೆ ತೆಗೆದುಕೊಂಡಳು, ಅದೂ ಯಾರೂ ಕೇಳದೆ. ಬಾವಿಕಟ್ಟೆಯ ಮೇಲೆ ಕೂತು ನಾನು ಅತ್ತುಬಿಟ್ಟೆ. ಅವಳು ಕೊಡ ತುಂಬಿಕೊಂಡು ಹೋದಳು.

ಜ್ವರ ಬಿಟ್ಟ ಮೇಲೆ ಮಗಳ ಬಾಯಿ ಕೆಟ್ಟಿತ್ತು, ಏನೂ ಸೇರುತ್ತಿರಲಿಲ್ಲ. ನಾನು ಹಿಂದೆ ಯಾವಾಗಲೋ ತಂದುಕೊಟ್ಟಿದ್ದ ಶಿವರಾಜುವಿನ ಸಕ್ಕರೆ ಪಾಕದ ಕಸ್ಟರ್ಡ್ ಬೇಕು ಅಂತ ಹಠ ಹಿಡಿದಳು. ನಮ್ಮನೆಯವರು ಮಗಳೆಂದರೆ ಕರಗುವವರು. ಗೊಬ್ಬರ ತರಲು ಹೊರಟವರು ನಮ್ಮಿಬ್ಬರನ್ನೂ ಬೈಕಿನಲ್ಲಿ ಕೂರಿಸಿಕೊಂಡು ಕೊಪ್ಪಕ್ಕೆ ಬಂದರು. ನಾನು ಬೇಡ ಅನ್ನಬಹುದಿತ್ತು. ಅನ್ನಲಿಲ್ಲ. ಆಗಬೇಕಾದದ್ದು ಆಗಲಿ ಅನ್ನಿಸಿತ್ತು.

ಬುಟ್ಟಿಯಲ್ಲಿ ಬ್ರೆಡ್ಡು ಬಂತು, ಬಟ್ಟಲಲ್ಲಿ ಬೆಣ್ಣೆ ಬಂತು. ಹಸಿದಿದ್ದ ನಮ್ಮನೆಯವರು ದಪ್ಪಗೆ ಸವರಿ ಬಾಯಿಗಿಟ್ಟರು. ಅಗಿಯುವುದು ನಿಧಾನವಾಯಿತು, ಆಮೇಲೆ ನಿಂತಿತು. ಬಟ್ಟಲನ್ನು ಮೂಗಿನ ಹತ್ತಿರ ಹಿಡಿದು ನೋಡಿದರು.

"ನಿಂಬೆ ಎಲೆ" ಅಂದರು. ಇನ್ನೊಮ್ಮೆ ಮೂಸಿ, "ಇದು ನಮ್ಮವ್ವನ ಬೆಣ್ಣೆ ಕಣಮ್ಮಿ" ಅಂದರು.

"ಅತ್ತೆ ಕಲ್ಸಿದ್ದು. ಮಾಡಿದ್ದು ಅಕ್ಕ" ಅಂದೆ.

ಅವರ ಕಣ್ಣು ಸೀದಾ ಮಗಳ ಕಡೆಗೆ ಹೋಯಿತು. ಅವಳು ಕಸ್ಟರ್ಡಿನ ಪಾಕವನ್ನು ಬೆರಳಲ್ಲಿ ಬಳಿದು ನೆಕ್ಕುತ್ತಿದ್ದಳು. ಎಷ್ಟೋ ದಿನಗಳ ಮೇಲೆ ಅವಳ ಕೆನ್ನೆಗೆ ಬಣ್ಣ ಬಂದಿತ್ತು. ನಾನು ಬಾವಿಯ ಹತ್ತಿರ ಅಕ್ಕ ಹೇಳಿದ್ದನ್ನೆಲ್ಲ ಹೇಳಿದೆ. ಅವರು ಬೈಯಲಿಲ್ಲ, ಎದ್ದು ಹೋಗಲೂ ಇಲ್ಲ. ಇನ್ನೊಂದು ತುಂಡು ಬ್ರೆಡ್ಡು ಮುರಿದು ಬಟ್ಟಲಿನ ತಳವನ್ನೆಲ್ಲ ಒರೆಸಿ ತಿಂದರು. ಬೈಕು ಹತ್ತುವಾಗ, "ಯಾರ್ಗೂ ಏಳ್ಬ್ಯಾಡ" ಅಂದರು, ಅಷ್ಟೇ.

ಆ ಒಂದು ಮಾತಲ್ಲೇ ನಮ್ಮ ಗಂಡಸರೆಲ್ಲ ಇದ್ದಾರೆ. ಊರೆದುರು ಹಾಕಿದ ಆಣೆ, ಊರೆದುರೇ ಬಿಡಿಸಬೇಕು. ಬಿಡಿಸಲು ಅಣ್ಣನನ್ನು ಕರೆಯಬೇಕು. ಮೊದಲು ಅವನು ಬರಲಿ ಅಂತ ಇವರು, ತಮ್ಮನಾದವನು ಬರಲಿ ಅಂತ ಅವರು. ಹೀಗೇ ಕೂತಿರುವಾಗ ಭಾವ ತಮ್ಮ ಪಾಲನ್ನು ಗುತ್ತಿಗೆಗೆ ಕೊಟ್ಟು, ಎಚ್.ಡಿ. ಕೋಟೆ ಕಡೆ ಅಕ್ಕನ ತವರಿನ ಜಮೀನು ನೋಡಿಕೊಳ್ಳಲು ಹೊರಟೇಬಿಟ್ಟರು.

ಹೊರಡುವ ಮುಂಚಿನ ಗುರುವಾರ ನಾವಿಬ್ಬರೂ ಕಿಟಕಿಯ ಪಕ್ಕ ಕೂತೆವು. ಅವತ್ತು ನಾನು ಬೆಣ್ಣೆಯ ಬಟ್ಟಲನ್ನು ಅವಳ ಕಡೆಯಿಂದ ಎಳೆದುಕೊಂಡು, ಬ್ರೆಡ್ಡಿಗೆ ಸವರಿ, ಅವಳೆದುರಿಗೇ ತಿಂದೆ. ಅಕ್ಕ ನಾನು ಹೊಲಿದ ಕೆಂಪು ಕರವಸ್ತ್ರದಲ್ಲಿ ಕಣ್ಣೊರೆಸಿಕೊಂಡಳು. ಆಮೇಲೆ ಎದ್ದು ಅಡುಗೆಮನೆಗೆ ನುಗ್ಗಿ, ಶಿವರಾಜು ಸೂಪು ಮಾಡುವುದನ್ನು ಪಕ್ಕದಲ್ಲೇ ನಿಂತು ನೋಡಿ, ಕೇಳಿ, ಕಲಿತಳು. ಹೊರಗೆ ಬಂದವಳು, "ಎಲ್ಲಾ ತಿಳೀತು. ಅಷ್ಟೊಂದು ಈರುಳ್ಳಿ ಯಾರು ಎಚ್ತಾರೆ ಅನ್ನೋದೊಂದೇ ತಿಳೀನಿಲ್ಲ" ಅಂದಳು. ಇಬ್ಬರೂ ನಕ್ಕೆವು. ಬಸ್ಸು ಬಂತು, ಹೋದಳು.

ಆಮೇಲೆ ನಾನು ಒಬ್ಬಳೇ ಒಂದು ಸಲ ಅಲ್ಲಿಗೆ ಹೋಗಿ ಕೂತೆ. ಸೂಪಿನ ರುಚಿ ಬೇರೆಯಾಗಿತ್ತು, ಬೆಣ್ಣೆ ಬೇರೆಯಾಗಿತ್ತು, ಎದುರಿನ ಕುರ್ಚಿ ಖಾಲಿಯಿತ್ತು. ಮತ್ತೆ ಹೋಗಲಿಲ್ಲ. ಗಿರಾಕಿ ಸಾಲದೆ ಶಿವರಾಜು ಬಾಗಿಲು ಹಾಕಿಕೊಂಡು ಪಾಂಡಿಚೇರಿಗೆ ವಾಪಸ್ಸಾದ. ಗೋಡೆಯಾಚೆಯ ಮನೆಗೆ ಬೀಗ ಬಿದ್ದಿದೆ. ನಿಂಬೆ ಗಿಡಕ್ಕೆ ನಾನೇ ನೀರು ಹಾಕುತ್ತೇನೆ. ಸದ್ದಿಲ್ಲದ ಗೋಡೆಗಿಂತ ಸದ್ದಿದ್ದ ಗೋಡೆಯೇ ಚೆನ್ನಾಗಿತ್ತು ಅಂತ ಎಷ್ಟೋ ಸಲ ಅನ್ನಿಸಿದೆ.

ಅಲ್ಲಿಂದ ಅಕ್ಕ ಫೋನು ಮಾಡುತ್ತಾಳೆ. ಹುಣಸೂರು ಬಸ್ಸಿನ ಕಂಡಕ್ಟರ್ ಕೈಯಲ್ಲಿ ಆಗಾಗ ಬೆಣ್ಣೆಯ ಡಬ್ಬಿ ಕಳಿಸುತ್ತಾಳೆ, ಮೇಲೆ ನಿಂಬೆ ಎಲೆ. ನಮ್ಮನೆಯವರು ಎಲ್ಲಿಯದು ಅಂತ ಕೇಳದೆ ರೊಟ್ಟಿಯ ಮೇಲೆ ಹಾಕಿಕೊಳ್ಳುತ್ತಾರೆ. ಬಂದ ಡಬ್ಬಿಯನ್ನು ಬರಿದಾಗಿ ವಾಪಸ್ಸು ಕಳಿಸಬಾರದು, ಹಾಗಾಗಿ ನಾನು ಅದಕ್ಕೆ ಹುರಿಗಡಲೆ ಚಟ್ನಿಪುಡಿಯನ್ನೋ ಚಕ್ಕುಲಿಯನ್ನೋ ತುಂಬಿ ಅದೇ ಬಸ್ಸಿಗೆ ಕೊಡುತ್ತೇನೆ. ವರ್ಷಗಟ್ಟಲೆ ಹೀಗೆ ಡಬ್ಬಿ ಓಡಾಡಿತು, ನಾವು ಓಡಾಡಲಿಲ್ಲ. ಬೆಣ್ಣೆ ಬರುತ್ತಿತ್ತು. ನನಗೆ ಬೇಕಾಗಿದ್ದದ್ದು ಎದುರಿಗೆ ಕೂತು ಬಟ್ಟಲು ಕೆರೆಯುವ ಅಕ್ಕ.

ಕಳೆದ ವಾರ ಡಬ್ಬಿ ತೊಳೆದು ಬಿಸಿಲಿಗಿಟ್ಟಿದ್ದೆ. ನಮ್ಮನೆಯವರು ಅದನ್ನು ಕೈಗೆತ್ತಿಕೊಂಡು ತಿರುಗಿಸಿ ತಿರುಗಿಸಿ ನೋಡಿದರು. ತಲೆ ಬೆಳ್ಳಗಾಗಿದೆ, ಮಗಳು ಕಾಲೇಜಿಗೆ ಹೋಗುತ್ತಾಳೆ, ಸಿಟ್ಟು ಎಲ್ಲಿ ಹೋಯಿತೋ ಅವರಿಗೇ ಗೊತ್ತಿಲ್ಲ.

"ಕಂಡಕ್ಟ್ರ್‌ಗೆ ಕೊಡ್ಬ್ಯಾಡ" ಅಂದರು. "ಈ ಸಲ ನಾನೇ ಕೊಟ್ಟು ಬತ್ತೀನಿ. ಅಣ್ಣುಂಗೆ ಫೋನ್ ಮಾಡಿದ್ದೆ. ಮಾರಮ್ಮನ ಗುಡೀಲಿ ಇಬ್ರೂ ಸೇರಿ ಕಾಣಿಕೆ ಹಾಕ್ಬುಡೋದು ಅಂತ ಮಾತಾಡ್ಕಂಡಿದ್ದೀವಿ. ಮೊದ್ಲು ಅವ್ರ ಮನೇಗೋಗಿ ಉಣ್ಣನ, ನೀನೂ ಹೊರಡು." ನಾನು ಒಲೆಯ ಮೇಲೆ ಹಾಲಿಟ್ಟದ್ದನ್ನು ಮರೆತು ನಿಂತೆ. ಹಾಲು ಉಕ್ಕಿ ಒಲೆಯೆಲ್ಲ ಆಯಿತು, ಅವರೇ ಬಂದು ಒಲೆ ಆರಿಸಿದರು.

ಮೊನ್ನೆ ಕೊಪ್ಪಕ್ಕೆ ಹೋದದ್ದು ಅದಕ್ಕೇ, ಗಟ್ಟಿ ಸಿಪ್ಪೆಯ ಬ್ರೆಡ್ಡು ತರಲು. ಟೋಪಿಗಳ ಅಂಗಡಿಯಿಂದ ತಿರುಗಿ ಬೇಕರಿಗೆ ಹೋಗಿ ಎರಡು ಕೊಂಡೆ. ಬಸ್ಸಿನಲ್ಲಿ ಕೂತು ಅಕ್ಕನಿಗೆ ಫೋನು ಮಾಡಿದೆ. ಬ್ರೆಡ್ಡು ಸಿಕ್ಕಿತು, ಭಾನುವಾರ ಬರುವಷ್ಟರಲ್ಲಿ ಸೂಪು ಮಾಡಿಟ್ಟಿರುತ್ತೀಯಾ ಅಂತ ಕೇಳಿದೆ.

"ಬೆಣ್ಣೆ ತೆಗ್ದು ಮಡಗಿರ್ತೀನಿ" ಅಂದಳು ಅಕ್ಕ. "ಈರುಳ್ಳಿ ಮಾತ್ರ ಎಚ್ಚಕ್ಕಿಲ್ಲ ಕಣವ್ವ. ಅದು ನಿನ್ನ ಕೆಲ್ಸ. ಅಂಗೇ ಇಟ್ಟಿರ್ತೀನಿ, ಬಾ."